ಬೀಗರ ಬಾಗಿಲಲ್ಲಿ ಕೆಟ್ಟು ನಿಂತ ಗಾಡಿ

ಕೀಲಿ ತಿರುಗಿಸಿದಷ್ಟೂ ಸಲ ಸೆಲ್ಫ್ ಗಿರಗಿರನೆ ತಿರುಗಿತು, ಇಂಜಿನ್ನು ಮಾತ್ರ ಹತ್ತಿಕೊಳ್ಳಲಿಲ್ಲ. ಚಿಕ್ಕಸ್ವಾಮಿ ಕೀಲಿಯಿಂದ ಕೈ ತೆಗೆದು, ಇದನ್ನೆಲ್ಲ ತಾನು ಬೇಕೆಂದೇ ಮಾಡುತ್ತಿದ್ದೇನೆ ಎಂಬಂತೆ, ಹೆಗಲ ಮೇಲಿನ ಟವೆಲಿನಿಂದ ಮುಂದಿನ ಗಾಜು ಒರೆಸತೊಡಗಿದ. ಗಾಜು ಚೊಕ್ಕಟವಾಗಿಯೇ ಇತ್ತು. ಹಿಂದೆ, ಪಿಕಪ್ಪಿನ ತೊಟ್ಟಿಯಲ್ಲಿ, ಅವನ ತಂಗಿ ಮಂಗಳ ತನ್ನ ಮಂಚ, ಬೀರು, ಪಾತ್ರೆ ಮೂಟೆಗಳ ನಡುವೆ ಮೊಣಕಾಲು ಕಟ್ಟಿಕೊಂಡು ಕೂತಿದ್ದಳು. ಪಕ್ಕದಲ್ಲಿ, ಅವಳು ಆಗತಾನೇ ಬಿಟ್ಟು ಇಳಿದ ಗಂಡನ ಮನೆಯ ಜಗಲಿಯ ಮೇಲೆ, ಅವಳ ಅತ್ತೆ ಗೋವಿಂದಮ್ಮ ಎಲೆಗೆ ಸುಣ್ಣ ಸವರುತ್ತಾ ನಿಂತಿದ್ದಳು. ಸಾಮಾನು ಏರಿಸುವಷ್ಟು ಹೊತ್ತೂ ಬೀದಿಯಲ್ಲಿ ಯಾರೊಬ್ಬರೂ ತುಟಿ ಬಿಚ್ಚಿರಲಿಲ್ಲ. ಹೆಣ ಎತ್ತುವಾಗಲೂ ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ ಎಂದುಕೊಂಡಿದ್ದ ಅವನು. ಈಗ ನೋಡಿದರೆ ಒಂದೊಂದೇ ಬಾಗಿಲು ತೆರೆದುಕೊಳ್ಳುತ್ತಿತ್ತು. ಗಾಡಿ ಕೆಟ್ಟಿದ್ದೇ ತಡ ಬೀದಿಗೆ ಬೀದಿಯೇ ಬಾಯಿ ಬಂದವರಂತೆ ಹೊರಗೆ ಬಂತು. ಹಾಳಾದ್ದು, ಬೆಳಿಗ್ಗೆ ಹುಲ್ಲಹಳ್ಳಿ ಬಿಟ್ಟಾಗಿನಿಂದ ಒಂದು ಸಲ ಕೆಮ್ಮಿರಲಿಲ್ಲ. ನಂಜನಗೂಡು ದಾಟಿತು, ನರಸೀಪುರದ ಸೇತುವೆ ದಾಟಿತು, ಬನ್ನೂರು ಮುಟ್ಟಿ ಈ ಊರಿಗೆ ತಿರುಗುವ ಹೊಂಡದ ದಾರಿಯಲ್ಲೂ ಮುದ್ದಾಗಿ ಬಂತು. ಕೆಡಬೇಕೆಂದಿದ್ದರೆ ಯಾವುದಾದರೂ ಕಬ್ಬಿನ ಗದ್ದೆಯ ಪಕ್ಕ ಕೆಡಬಹುದಿತ್ತು. ಬೀಗರ ಬಾಗಿಲೇ ಆಗಬೇಕಿತ್ತೇ ಇದಕ್ಕೆ?

"ಏನ್ಲಾ ಚಿಕ್ಕಸ್ವಾಮಿ, ಆನೆನೇ ಎಳಿತದೆ ಅಂತಿದ್ದೆ ನಿನ್ ಗಾಡಿ. ಇವಾಗ ಅದ್ನ ಎಳಿಯಾಕೆ ಆನೆ ತರುಸ್ಬೇಕಾ?"

ಗಂಗಾಧರಸ್ವಾಮಿ. ಊರ ಯಜಮಾನ. ಎದುರು ಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಕೂತವರೆಲ್ಲ ನಕ್ಕರು. ಚಿಕ್ಕಸ್ವಾಮಿಗೂ ಅಭ್ಯಾಸದಿಂದ ನಗು ಬಂದುಬಿಟ್ಟಿತು, ಬಂದದ್ದಕ್ಕೆ ಮೈಯೆಲ್ಲ ಉರಿಯಿತು. ಆನೆಯ ಕತೆ ಹೇಳಿದ್ದು ನಿಜ. ಬಂಡೀಪುರದ ದಾರಿಯಲ್ಲಿ ಹಳ್ಳಕ್ಕೆ ಬಿದ್ದ ಒಂಟಿ ಸಲಗವನ್ನು ಹಗ್ಗ ಕಟ್ಟಿ ಇದೇ ಗಾಡಿಯಲ್ಲಿ ಎಳೆದೆ, ಮೇಲೆ ಬಂದ ಆನೆ ಸೊಂಡಿಲೆತ್ತಿ ನಮಸ್ಕಾರ ಮಾಡಿ ಹೋಯಿತು ಎಂದು ಈ ಊರಿನ ಮದುವೆ ಚಪ್ಪರದಲ್ಲೇ ಹೇಳಿದ್ದ. ಕೇಳಿ ಚಪ್ಪರವೆಲ್ಲ ಬಿದ್ದು ಬಿದ್ದು ನಕ್ಕು, ಇನ್ನೊಂದು ಹೇಳು ಇನ್ನೊಂದು ಹೇಳು ಎಂದಿತ್ತು. ಸುಳ್ಳು ಹೇಳಿದಾಗ ಕಿವಿ ಕೊಟ್ಟು ಕೇಳುವ ಜನ, ನಿಜ ಹೇಳಿದಾಗ ಯಾಕೆ ಹೀಗೆ ಮುಖ ನೋಡುತ್ತಾರೆ?

"ಡೀಸೆಲ್ ಐತಾ ನೋಡ್ಕೊಳ್ಲಾ ಮೊದ್ಲು."

"ಟ್ಯಾಂಕ್ ತುಂಬಾ ಐತೆ ಯಜಮಾನ್ರೇ. ನರಸೀಪುರದಲ್ಲಿ ಆಕುಸ್ಕೊಂಡೇ ಬಂದೆ."

"ನೀನು ತುಂಬಾ ಐತೆ ಅಂದ್ರೆ ಅರ್ಧ ಅಂತ ತಿಳ್ಕೋಬೇಕು. ಅರ್ಧ ಅಂದ್ರೆ ಡಬ್ಬ ತಕ್ಕೊಂಡು ಓಗ್ಬೇಕು."

ಮತ್ತೆ ನಗು. ಯಾರೋ ಒಬ್ಬ ಪೊರಕೆಯ ಹಂಚಿಕಡ್ಡಿ ಕಿತ್ತು ತಂದು ಟ್ಯಾಂಕಿಗೆ ಇಳಿಬಿಟ್ಟು ಎತ್ತಿ ತೋರಿಸಿದ. ಕಡ್ಡಿ ಬಾಯಿತನಕ ಒದ್ದೆಯಾಗಿತ್ತು. ಅದನ್ನು ನೋಡಿ ಯಾರೂ ಏನೂ ಅನ್ನಲಿಲ್ಲ. ಅದೇ, ಅದೇ ಅವನಿಗೆ ಸಹಿಸಲಾಗದ್ದು. ಈ ಊರಿನಲ್ಲಿ ಒಂದು ಮಾತು ಸುಳ್ಳಾದರೆ ಊರೆಲ್ಲ ಬಾಯಿ ತೆರೆಯುತ್ತದೆ, ಅದೇ ಮಾತು ನಿಜವಾದರೆ ಎಲ್ಲರಿಗೂ ಬಾಯಿ ಹೊಲಿದುಹೋಗುತ್ತದೆ. ಓಲೆ ಸಿಕ್ಕ ದಿನವೂ ಹೀಗೇ ಆಯಿತಂತೆ. ಗೋವಿಂದಮ್ಮನ ಕೆಂಪು ಹರಳಿನ ಓಲೆ ಕಾಣೆಯಾದಾಗ ಮನೆಯ ಬಾಣಲೆ ಬೋಸಿಗಳನ್ನೆಲ್ಲ ಬೋರಲು ಹಾಕಿ ಹುಡುಕಿ, ಕೊನೆಗೆ ಸೊಸೆಯ ಹೆಸರು ಹೇಳಿದ್ದರು. ಅಣ್ಣನ ಮನೆಗೆ ಸಾಗಿಸಿದ್ದಾಳೆ, ಅಣ್ಣನ ಗಾಡಿಗೆ ಹೊಸ ಟೈರು ಬಂದದ್ದು ಎಲ್ಲಿಂದ ಅಂತ ತಿಳಿಯದೇ ನಮಗೆ ಎಂದಿದ್ದರು. ನ್ಯಾಯ ಸೇರಿಸಿ, ಅವಳನ್ನು ನಾಲೆಯಲ್ಲಿ ಮುಳುಗಿಸಿ ಎಬ್ಬಿಸಿ, ಒದ್ದೆ ಬಟ್ಟೆಯಲ್ಲೇ ಬೀದಿಯುದ್ದ ನಡೆಸಿ, ಮಾರಿಗುಡಿಯ ದೀಪ ಮುಟ್ಟಿಸಿ ಆಣೆ ಮಾಡಿಸಿದ್ದರು. ಆಮೇಲೆ ಓಲೆ ಗೋವಿಂದಮ್ಮನ ಎಲೆಅಡಿಕೆ ಚೀಲದ ಹೊಲಿಗೆಯ ಒಳಗೇ ಸಿಕ್ಕಿತು. ಸಿಕ್ಕ ಓಲೆಯನ್ನು ಆಕೆ ತೊಳೆದು ಹಾಕಿಕೊಂಡಳು. ಅಷ್ಟೇ. ಈಗಲೂ ಅಲ್ಲಿ, ಜಗಲಿಯ ನೆರಳಿನಲ್ಲಿ, ಎಲೆ ಜಗಿಯುವಾಗೆಲ್ಲ ಅದು ಮಿಣಕ್ ಮಿಣಕ್ ಅನ್ನುತ್ತಿತ್ತು.

ಒಂದು ಮಾತು, ತಪ್ಪಾಯಿತು ಕಣವ್ವಾ ಅನ್ನುವ ಒಂದು ಮಾತು, ಯಾರಾದರೂ ಅಂದಿದ್ದರೆ ಮಂಗಳ ಇವತ್ತು ಮಂಚ ಬೀರು ಏರಿಸುತ್ತಿರಲಿಲ್ಲ. ಇದನ್ನು ಅವಳೇ ಹೇಳಿದ್ದಳು. ಯಾರೂ ಅನ್ನಲಿಲ್ಲವಾಗಿ ಅವಳೇ ಯಜಮಾನನ ಕಟ್ಟೆಯ ಮುಂದೆ ನಿಂತು ನನ್ನನ್ನು ತವರಿಗೆ ಕಳಿಸಿಬಿಡಿ ಎಂದಳು. ಯಜಮಾನ ಬಹಳ ಯೋಚಿಸಿದವನಂತೆ ಗಡ್ಡ ಕೆರೆದುಕೊಂಡು ತೀರ್ಪು ಕೊಟ್ಟಿದ್ದ. ಅಣ್ಣ ಒಂದು ದಿನ ಬಂದು ಕರೆದುಕೊಂಡು ಹೋಗಲಿ, ಸಾಮಾನು ಬೀದಿ ದಾಟಿದರೆ ಅವಳ ದಾರಿ ಅವಳದು. ಬೀದಿ ದಾಟದೆ ತಿರುಗಿ ಒಳಗೆ ಬಂದವೋ, ಈ ಮಾತು ಇನ್ನು ಯಾವತ್ತೂ ಕಟ್ಟೆಗೆ ಬರಕೂಡದು. ಆಗ ಈ ಕೊನೆಯ ಮಾತು ಚಿಕ್ಕಸ್ವಾಮಿಗೆ ಸುಮ್ಮನೆ ಬಾಯಿಗೆ ಬಂದದ್ದೆನಿಸಿತ್ತು. ಏರಿಸಿದ ಸಾಮಾನು ಯಾಕೆ ತಿರುಗಿ ಒಳಗೆ ಹೋಗುತ್ತದೆ?

ಅವನು ಬಾನೆಟ್ಟು ಎತ್ತಿ ಒಳಗೆ ತಲೆ ಹಾಕಿದ. ತಲೆ ಹಾಕಿದ್ದು ಗಾಡಿ ನೋಡುವುದಕ್ಕಿಂತ ಹೆಚ್ಚಾಗಿ ಮುಖ ಮರೆಸಿಕೊಳ್ಳಲು. ಓಡಿಸುವುದು ಗೊತ್ತಿತ್ತೇ ಹೊರತು ಬಿಚ್ಚುವುದು ಅವನಿಗೆ ಗೊತ್ತಿರಲಿಲ್ಲ. ಬ್ಯಾಟರಿಯ ವೈರು ಅಲುಗಿಸಿದ. ಫಿಲ್ಟರಿನ ತಲೆ ತಟ್ಟಿದ. ಒಬ್ಬ ಹೀಟರ್ ಹೋಗಿದೆ ಅಂದ, ಇನ್ನೊಬ್ಬ ಈ ಸೆಕೆಯಲ್ಲಿ ಹೀಟರ್ ಯಾಕಲೇ ಅಂದ, ಮತ್ತೊಬ್ಬ ಸೈಲೆನ್ಸರಿನಲ್ಲಿ ಹೆಗ್ಗಣ ಕೂತಿರಬೇಕು, ನಮ್ಮ ಅಳಿಯನ ಗಾಡಿಗೆ ಹಾಗೇ ಆಗಿತ್ತು ಅಂದ. ಅಂಗಡಿಯ ಕಾಯಿನ್ ಫೋನಿನಿಂದ ಬನ್ನೂರಿನ ಮೆಕ್ಯಾನಿಕ್ಕಿಗೆ ಮಾಡಿಸಿದರೆ, ಅವನು ಸಾಮಾನು ತರಲು ಮೈಸೂರಿಗೆ ಹೋಗಿದ್ದಾನೆ, ಸಾಯಂಕಾಲದ ಮೇಲೆ ಬರುವುದು ಎಂದು ಉತ್ತರ ಬಂತು. ಸಾಯಂಕಾಲ ಎಂಬ ಮಾತು ಕೇಳಿ ಗೋವಿಂದಮ್ಮ ಎಲೆಯ ರಸ ಉಗಿದು ಮೊದಲ ಸಲ ದನಿಯೆತ್ತಿದಳು.

"ಮನೆ ಲಕ್ಸ್ಮಿ ವಸ್ಲು ದಾಟದಂಗೆ ಗಾಡಿನೇ ಇಡ್ಕಂಡದೆ. ದೇವ್ರು ಕಣ್ ಬುಟ್ಟು ನೋಡ್ತಾವ್ನೆ ಕಣ್ರಪ್ಪ. ಸಾಮಾನ್ ಇಳ್ಸಿ, ಪಾಪ, ಬಿಸ್ಲಲ್ಲಿ ಕೂತವ್ಳೆ ಮಗ."

ಮಗ! ಮಗ ಎಂದಳು! ಕಳ್ಳಿ ಎಂದ ಬಾಯಿ. ಇಬ್ಬರು ಆಳುಗಳು ಆಗಲೇ ಪಂಚೆ ಎತ್ತಿ ಕಟ್ಟಿಕೊಂಡು ಗಾಡಿಯ ಹಿಂದಕ್ಕೆ ಹೊರಟಿದ್ದರು. ಮಂಗಳ ಮಂಚದ ಕಾಲು ಹಿಡಿದುಕೊಂಡು, "ಯಾರೂ ಮುಟ್ಬೇಡಿ" ಅಂದಳು, ಬಹಳ ಮೆಲ್ಲಗೆ. ಮುಟ್ಟಲಿಲ್ಲ. ಆದರೆ ಆಳುಗಳು ಹಿಂದಕ್ಕೂ ಹೋಗಲಿಲ್ಲ. ಅವಳು ಅಣ್ಣನ ಕಡೆ ನೋಡಿದಳು. ಆ ನೋಟ ಅವನಿಗೆ ಗೊತ್ತಿತ್ತು. ಆಣೆಯ ದಿನ ಗುಡಿಯ ಮೆಟ್ಟಿಲ ಮೇಲೆ, ಕೂದಲಿನಿಂದ ನೀರು ತೊಟ್ಟಿಕ್ಕುತ್ತಾ, ಅವಳು ಹೀಗೇ ನೋಡಿದ್ದಳು. ಅವನು ಆವತ್ತೂ ಬಂದಿದ್ದ. ದೀಪ ಮುಟ್ಟಿ ಅವಳು ಇಳಿದು ಬಂದ ಮೇಲೆ ಗಂಡಸರೆಲ್ಲ ನೆಲ ನೋಡುತ್ತ ನಿಂತಿದ್ದಾಗ, ಆ ಮೌನ ತಡೆಯಲಾಗದೆ ಅವನೇ ಏನೋ ಒಂದು ಕತೆ ತೆಗೆದ. ಕಪಿಲೆಯಲ್ಲಿ ಬಲೆಗೆ ಬಿದ್ದ ಮೀನೊಂದು ಮೂಗುತಿ ಹಾಕಿಕೊಂಡಿತ್ತು ಅಂತ ಏನೋ. ಎಲ್ಲರೂ ನಕ್ಕರು. ಯಜಮಾನ ಬೆನ್ನು ತಟ್ಟಿದ. ಅವನಿಗೆ ಹಗುರಾಯಿತು. ಒದ್ದೆ ಸೀರೆಯನ್ನು ಹಿಂಡಿಕೊಳ್ಳುತ್ತ ಅವಳು ಅದೆಲ್ಲವನ್ನೂ ಕೇಳಿಸಿಕೊಂಡಿದ್ದಳು. ಛೀ, ಅದೆಲ್ಲ ಈಗ ಯಾಕೆ? ತಪ್ಪು ಅವರದು. ಗಾಡಿ ಕೆಟ್ಟದ್ದಕ್ಕೂ ಅವರೇ ಏನೋ ಮಾಡಿರಬೇಕು. ಸಾಮಾನು ಏರಿಸುವಾಗ ಯಾವನೋ ಟ್ಯಾಂಕಿಗೆ ಸಕ್ಕರೆ ಸುರಿದಿರಬೇಕು. ಹಾಗೆ ಅಂದುಕೊಂಡ ಕೂಡಲೇ ಅದು ನಿಜವೇ ಅನ್ನಿಸಿ, ಅವನು ತಲೆ ಎತ್ತಿ ಕಿರುಚಿದ.

"ಯಾರ್ರೀ ನನ್ ಗಾಡಿ ಮುಟ್ಟಿದ್ದು? ಗಂಡಸಾಗಿದ್ರೆ ಮುಂದುಕ್ ಬನ್ನಿ!"

ಮುಂದಕ್ಕೆ ಬಂದವನು ಶಿವಣ್ಣ, ಮಂಗಳಳ ಗಂಡ. ಬೆಳಗಿನಿಂದ ಹಿತ್ತಲಲ್ಲಿ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದವನು ಈಗ ಎದ್ದು, ಕೈಗಳನ್ನು ಚಿಂದಿಯಲ್ಲಿ ಒರೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಗಾಡಿಯ ಹಿಂದೆ ಬಂದು ಸೈಲೆನ್ಸರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. "ಇನ್ನೊಂದ್ಸಲಿ ಒಡಿ ಭಾವ." ಭಾವ ಎಂದದ್ದನ್ನು ಕೇಳಿಸಿಕೊಳ್ಳದವನಂತೆ ಚಿಕ್ಕಸ್ವಾಮಿ ಸೆಲ್ಫ್ ಹೊಡೆದ.

"ಹೊಗೆನೇ ಬತ್ತಿಲ್ಲ. ಡೀಸೆಲ್ ಓಗ್ತಾ ಇದ್ದಿದ್ರೆ ಬೆಳ್ಳಗಾದ್ರೂ ಹೊಗೆ ಬರ್ಬೇಕಿತ್ತು. ನಾಜಲ್ಗೆ ಡೀಸೆಲ್ ಮುಟ್ತಾ ಇಲ್ಲ."

ಅಷ್ಟು ಹೇಳಿ ಬಾನೆಟ್ಟಿನ ಒಳಗೆ ಬಾಗಿದ. ಈ ಮನುಷ್ಯ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಚಿಕ್ಕಸ್ವಾಮಿ ಕಂಡಿರಲಿಲ್ಲ. ನ್ಯಾಯದ ದಿನ ಒಂದಕ್ಷರ ಆಡಿರಲಿಲ್ಲ. ನಿನ್ನ ಹೆಂಡತಿ ಕದ್ದಳೇನೋ ಎಂದು ಕೇಳಿದರೆ ಕಾಲ ಹೆಬ್ಬೆರಳಿನಿಂದ ಮಣ್ಣು ಕೆರೆದಿದ್ದ. ಈಗ ನೋಡಿದರೆ ಫಿಲ್ಟರಿನ ಮೇಲಿನ ಪುಟ್ಟ ತಿರುಪನ್ನು ಎಷ್ಟು ಹಗುರಾಗಿ ಸಡಿಲಿಸುತ್ತಾನೆ, ಕೈಪಂಪನ್ನು ಎಷ್ಟು ಜತನದಿಂದ ಒತ್ತುತ್ತಾನೆ. ಡೀಸೆಲ್ಲು ನೊರೆಯಿಲ್ಲದೆ ತಿಳಿಯಾಗಿ ಉಕ್ಕಿತು. ಗಾಳಿ ಸೇರಿಕೊಂಡಿಲ್ಲ ಎಂದು ತಾನೇ ತನಗೆ ಹೇಳಿಕೊಂಡ. ಆಮೇಲೆ ಇಂಜಿನ್ನಿನ ನೆತ್ತಿಗೆ ಹೋಗುವ ಕಬ್ಬಿಣದ ಕೊಳವೆಯ ನಟ್ಟು ಸಡಿಲಿಸಿ ಮತ್ತೆ ಸೆಲ್ಫ್ ಹೊಡೆಸಿದ. ಕೊಳವೆ ಒಣಗಿತ್ತು. "ಪಂಪ್‌ಗಂಟ ಬತ್ತದೆ, ಪಂಪು ಆಚ್ಗೆ ಬುಡ್ತಿಲ್ಲ." ಕಿವಿಯನ್ನು ಪಂಪಿಗೆ ಹಚ್ಚಿ, ಕಣ್ಣು ಮುಚ್ಚಿ, ಎಲ್ಲಿ ನೋವು ಎಂದು ಕೇಳುವ ನಾಟಿ ವೈದ್ಯನಂತೆ ಬೆರಳಿನಿಂದ ತಡವಿದ. ಚಿಕ್ಕಸ್ವಾಮಿಗೆ ಸಿಟ್ಟು ಬಂತು. ಕಬ್ಬಿಣಕ್ಕೆ ಇಷ್ಟು ಕಿವಿ ಕೊಡುವವನು ಮನೆಯೊಳಗೆ ಒಂದು ಹೆಣ್ಣು ಅಳುವುದನ್ನು ಹೇಗೆ ಕೇಳಿಸಿಕೊಳ್ಳದೆ ಇದ್ದ? ತಲೆಯೆತ್ತಿದರೆ ಮಂಗಳ ಮಂಚದ ಮೇಲಿಂದ ಅದೇ ಬೆರಳುಗಳನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಸೆಲ್ಫಿನ ಸದ್ದು ಪ್ರತಿಸಲಕ್ಕೂ ಸೊರಗುತ್ತಾ ಬರುತ್ತಿತ್ತು, ಬ್ಯಾಟರಿ ಇಳಿಯುತ್ತಿತ್ತು.

ಪಂಪಿನ ಹಿಂಬದಿಗೆ ಕೈ ಹಾಕಿದ ಶಿವಣ್ಣನ ಬೆರಳಿಗೆ ಏನೋ ತಾಗಿತು. ಆಮೇಲೆ ಬ್ಲೇಡು ಕೇಳಿದ. ಏನನ್ನೋ ಕೊಯ್ದು, ಮುಷ್ಟಿ ಹೊರಗೆ ತೆಗೆದು ಬಿಚ್ಚಿದ. ಕರಿ ಬಟ್ಟೆಯ ಒಂದು ಪುಟ್ಟ ಗಂಟು, ಅದಕ್ಕೆ ಸುತ್ತಿದ ಕರಿ ದಾರ, ಬಾಯಲ್ಲಿ ಇಣುಕುತ್ತಿದ್ದ ಒಣ ಮೆಣಸಿನಕಾಯಿ, ಕರಿಗೇರು ಬೀಜ.

ಚಿಕ್ಕಸ್ವಾಮಿಗೆ ನೋಡಿದ ಕೂಡಲೇ ತಿಳಿಯಿತು. ಅವ್ವ! ಬೆಳಿಗ್ಗೆ ಅವನು ಹಲ್ಲುಜ್ಜುವಾಗ ಅವ್ವ ಮುದ್ದಮ್ಮ ಗಾಡಿಯ ಹತ್ತಿರ ಸುಳಿದಾಡುತ್ತಿದ್ದಳು. ಅಂಥ ಮನೆಯ ಮುಂದೆ ಗಾಡಿ ನಿಲ್ಲಿಸುತ್ತೀಯ, ಕಣ್ಣು ಬೀಳುತ್ತದೆ ಎಂದಿದ್ದಳು. ದೃಷ್ಟಿಗಂಟು ಹೊರಗೆ ಕಟ್ಟಿದರೆ ಬೀಗರು ಆಡಿಕೊಳ್ಳುತ್ತಾರೆಂದು, ಬಾನೆಟ್ಟಿನ ಒಳಗೆ, ಕಟ್ಟಲು ಹದವಾಗಿ ಕಂಡ ಒಂದು ಪುಟ್ಟ ಕೊಕ್ಕೆಗೆ ಬಿಗಿದಿದ್ದಾಳೆ. ಆ ಕೊಕ್ಕೆಯೇ ಇಂಜಿನ್ನು ನಿಲ್ಲಿಸುವ ಕೊಕ್ಕೆ. ಈ ಹಳೆಯ ಡೀಸೆಲ್ ಗಾಡಿ ಕೀಲಿಗೆ ನಿಲ್ಲುವುದಿಲ್ಲ, ಗುಂಡಿ ಎಳೆಯಬೇಕು. ಎಳೆದರೆ ತಂತಿ ಆ ಕೊಕ್ಕೆಯನ್ನು ಜಗ್ಗಿ ಡೀಸೆಲ್ ಕಟ್ಟುತ್ತದೆ, ಬಿಟ್ಟರೆ ಕೊಕ್ಕೆ ತಾನಾಗಿ ಹಿಂದಕ್ಕೆ ಹೋಗುತ್ತದೆ. ನರಸೀಪುರದ ಬಂಕಿನಲ್ಲೂ ಇಂಜಿನ್ನು ಆರಿಸಿರಲಿಲ್ಲ. ಇಲ್ಲಿಗೆ ಬಂದು ಅವನು ಮೊದಲ ಸಲ ಗುಂಡಿ ಎಳೆದಾಗ ಗಂಟು ಸಂದಿಯಲ್ಲಿ ಸಿಕ್ಕಿಕೊಂಡು ಕೊಕ್ಕೆ ಹಿಂದಕ್ಕೆ ಹೋಗಲೇ ಇಲ್ಲ. ಎಲ್ಲ ಇಷ್ಟೇ. ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವ್ವನ ಮೇಲೆ, ಮೆಣಸಿನಕಾಯಿಯ ಮೇಲೆ, ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಬಾಯಿ ತೆರೆಯುವಷ್ಟರಲ್ಲಿ ಗೋವಿಂದಮ್ಮ ಜಗಲಿ ಇಳಿದು ಬಂದಿದ್ದಳು.

"ಮಾಟ! ಅಯ್ಯಯ್ಯೋ ಮಾಟ ಮಾಡ್ಸವ್ರೆ ಕಣ್ರಪ್ಪೋ! ನನ್ ಬಾಗ್ಲಿಗೆ ತಂದು ಮಡಗಾಕೆ ಬಂದವ್ರೆ ಅಣ್ಣ ತಂಗಿ! ನೋಡ್ರಿ, ಗೇರುಬೀಜ ನೋಡ್ರಿ!"

"ದೃಷ್ಟಿಗಂಟು ಕಣಮ್ಮೋ ಅದು! ನಮ್ಮವ್ವ ಕಟ್ಟಿರೋದು!"

"ದೃಷ್ಟಿಗಂಟ ಯಾರ್ಲಾ ಬಾನೆಟ್ ಒಳಗೆ ಬಚ್ಚಿಡ್ತಾರೆ?" ಯಜಮಾನನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ನೀನು ಯೋಳಿದ್ದು ಎಂಗ್ ನಂಬೋದು? ಆನೆನೂ ಎಳ್ದೋನು ನೀನು."

"ನಿಜ ಯಜಮಾನ್ರೇ, ನಮ್ಮವ್ವನ ಆಣೆಗೂ ನಿಜ!"

"ನಿನ್ ಆಣೆ ಯಾವನ್ಗೆ ಬೇಕು. ಹೆಣ್ ಮಗ್ಳು ದೀಪ ಮುಟ್ಲಿ. ನಾನು ಮಾಟ ತಂದಿಲ್ಲ ಅಂತ ಯೋಳ್ಬುಟ್ಟು ಗಾಡಿ ಅತ್ಲಿ. ಅಲ್ಲೀಗಂಟ ಸಾಮಾನ್ ಇಳ್ಸಿ."

ಚಿಕ್ಕಸ್ವಾಮಿ ಶಿವಣ್ಣನ ಕಡೆ ತಿರುಗಿದ. ಗಂಟು ಇನ್ನೂ ಅವನ ಅಂಗೈಯಲ್ಲೇ ಇತ್ತು. ಅದು ಏನೆಂದು ಅವನಿಗೆ ಗೊತ್ತು. ಹಿತ್ತಲಲ್ಲಿ ನಿಂತ ಅವನ ಟ್ರ್ಯಾಕ್ಟರಿನ ಮೂತಿಗೆ ಅವನ ತಾಯಿಯೇ ಕಟ್ಟಿದ ಇಂಥದೇ ಗಂಟು ಎಲ್ಲರ ಕಣ್ಣಿಗೂ ಕಾಣುವಂತೆ ನೇತಾಡುತ್ತಿತ್ತು. ಒಂದು ಮಾತು ಹೇಳಿದರೆ ಸಾಕಿತ್ತು. ಅಂಥದೇ ನಮ್ಮದರಲ್ಲೂ ಐತೆ, ಬುಡಿ, ಅಂದರೆ ಸಾಕಿತ್ತು. ಶಿವಣ್ಣ ಗಂಟನ್ನು ಬಾನೆಟ್ಟಿನ ಅಂಚಿನ ಮೇಲೆ ಇಟ್ಟ, ಸಡಿಲಿಸಿದ್ದ ಕೊಳವೆಯ ನಟ್ಟನ್ನು ಬಿಗಿದ, ಕೈಯೊರೆಸಿಕೊಂಡ. ಕಾಲ ಹೆಬ್ಬೆರಳು ಮಣ್ಣು ಕೆರೆಯತೊಡಗಿತು. ಚಿಕ್ಕಸ್ವಾಮಿಗೆ ಅವನನ್ನು ಕೊಂದೇಬಿಡಬೇಕು ಅನ್ನಿಸಿತು. ಅದರ ಹಿಂದೆಯೇ, ಕರೆಯದೆ, ಇನ್ನೊಂದು ಬಂತು. ಒಂದು ಕತೆ ಹೇಳಿ ಇವರನ್ನೆಲ್ಲ ನಗಿಸಿಬಿಟ್ಟರೆ? ಮಾಟಗಾತಿ ಮತ್ತು ಮೆಣಸಿನಕಾಯಿ ಅಂತ ಏನಾದರೂ. ನಾಲಗೆಯ ತುದಿಯಲ್ಲಿ ಅದು ಆಗಲೇ ಹುಟ್ಟುತ್ತಿತ್ತು. ಅವನು ಹಲ್ಲು ಕಚ್ಚಿಕೊಂಡ.

ಮಂಗಳ ತೊಟ್ಟಿಯಿಂದ ಇಳಿದಳು.

"ಹಾಂ, ಇಳುದ್ಲು ನೋಡಿ, ಜಾಣೆ," ಅಂದ ಯಜಮಾನ. ಗೋವಿಂದಮ್ಮ ಆಗಲೇ ಗಾಡಿಯಲ್ಲಿದ್ದ ಹಿತ್ತಾಳೆಯ ಬಿಂದಿಗೆಗೆ ಕೈ ಚಾಚಿದ್ದಳು. ಮಂಗಳ ಆ ಕೈಯನ್ನು ಹಿಡಿದು, ಬಿಡಿಸಿ, ಪಕ್ಕಕ್ಕಿಟ್ಟಳು.

"ಒಂದ್ಸಲಿ ಮುಟ್ಟಿದೀನಿ ದೀಪವ. ಓಲೆ ಸಿಕ್ತಲ್ಲ, ಆಗ ಯಾರ್ ಬಂದು ಏನಂದ್ರಿ ನಂಗೆ? ಇನ್ನ ಮುಟ್ಟಾಕಿಲ್ಲ." ದನಿ ಏರಿರಲಿಲ್ಲ. "ಅಣ್ಣ, ಸೆಲ್ಫ್ ಒಡಿ."

ಹೊಡೆದ. ಸೆಲ್ಫ್ ಕಟಕ್ ಅಂದು ಸುಮ್ಮನಾಯಿತು. ಬ್ಯಾಟರಿ ಸತ್ತಿತ್ತು.

"ನೂಕ್ಬೇಕು," ಅಂದ ಶಿವಣ್ಣ, ನೆಲಕ್ಕೆ.

ನೂಕಬೇಕು. ಅಷ್ಟು ಜನ ಗಂಡಸರು ನಿಂತಿದ್ದರು. ಕೆಟ್ಟು ನಿಂತ ಗಾಡಿ ಕಂಡರೆ ಕರೆಯದೆಯೂ ಬಂದು ಹೆಗಲು ಕೊಡುವ ಜನ ಇವರು, ಬಸ್ಸು ಕೆಟ್ಟರೂ ಇಳಿದು ನೂಕಿ ಮತ್ತೆ ಟಿಕೆಟ್ಟು ಕೇಳುವ ಕಂಡಕ್ಟರಿಗೆ ತಮಾಷೆ ಮಾಡುವ ಜನ. ಒಬ್ಬನೂ ಅಲುಗಲಿಲ್ಲ. ಯಜಮಾನ ಕಟ್ಟೆಯ ಮೇಲೆ ಎದ್ದು ನಿಂತು, "ಮನೆ ಸೊಸೆನ ಗಂಡನ್ ಬಾಗ್ಲಿಂದ ಆಚ್ಗೆ ನೂಕುದ್ರು ಅನ್ನೋ ಮಾತು ನಮ್ಮೂರ್ಗೆ ಬ್ಯಾಡ. ನೂಕ್ದೋನ ಮನೆ ಉದ್ಧಾರ ಆಗಾಕಿಲ್ಲ. ಯಾರೂ ಕೈ ಆಕ್ಬೇಡಿ," ಎಂದ. ಕೈ ಹಾಕಲು ಬಂದಿದ್ದ ಒಬ್ಬಿಬ್ಬರು ಬಿಸಿ ಬಾಣಲೆ ಮುಟ್ಟಿದವರಂತೆ ಹಿಂದಕ್ಕೆ ಸರಿದರು. ಹಾಗಾದರೆ ಒದ್ದೆ ಸೀರೆಯಲ್ಲಿ ಬೀದಿಯುದ್ದ ನಡೆಸಿದಾಗ ಇವರ ಮನೆ ಉದ್ಧಾರವಾಗಿತ್ತೇ? ಚಿಕ್ಕಸ್ವಾಮಿ ಇದನ್ನು ಕೂಗಬೇಕೆಂದುಕೊಂಡ, ಕೂಗಿದೆನೆಂದೂ ಅಂದುಕೊಂಡ, ಆದರೆ ಗಂಟಲಿನಿಂದ ಗೊರಗೊರ ಸದ್ದು ಮಾತ್ರ ಬಂತು.

ಮಂಗಳ ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಾಡಿಯ ಹಿಂದೆ ಹೋಗಿ ಹಲಗೆಗೆ ಎರಡೂ ಅಂಗೈ ಕೊಟ್ಟಳು. ಶಿವಣ್ಣ ಎರಡು ಹೆಜ್ಜೆ ಮುಂದೆ ಬಂದು, ಯಜಮಾನನನ್ನು ಒಮ್ಮೆ ನೋಡಿ, ಮೆಲ್ಲಗೆ ಕೈ ಎತ್ತಿದ.

"ನೀ ಮುಟ್ಬೇಡ," ಅಂದಳು. ಎತ್ತಿದ ಕೈ ಅಲ್ಲೇ ನಿಂತಿತು. "ಅಣ್ಣ, ಕೆಳೀಕಿಳಿ. ಬಾಗ್ಲು ತಕ್ಕೊಂಡು ಸ್ಟೇರಿಂಗ್ ಇಡ್ಕೊಂಡು ನೀನೂ ನೂಕು. ನಾಲೆ ಕಡೆ ಇಳಿಜಾರಿಗೆ ಬಂದ್ಮೇಲೆ ಅತ್ಕೊ. ಸೆಕೆಂಡ್ ಗೇರ್ಗೆ ಆಕಿ ಕ್ಲಚ್ ಬುಡು."

ಅವಳಿಗೆ ಇದೆಲ್ಲ ಹೇಗೆ ಗೊತ್ತು ಎಂದು ಅವನು ಬೆರಗಾದ. ಟ್ರ್ಯಾಕ್ಟರಿನವನ ಮನೆಯಲ್ಲಿ ಇಷ್ಟು ವರ್ಷ ಇದ್ದವಳು. ಎಲ್ಲ ಕೇಳಿಸಿಕೊಳ್ಳುತ್ತಲೇ ಇದ್ದಿರಬೇಕು. ಅವನು ಬಾಗಿಲ ಕಂಬಕ್ಕೆ ಭುಜ ಕೊಟ್ಟ. ಗಾಡಿ ಅಲುಗಲಿಲ್ಲ. ಚಪ್ಪಲಿ ಜಾರಿತು, ಒದ್ದು ಬಿಸಾಡಿದ. ಬೀದಿ ಸುಮ್ಮನೆ ನೋಡುತ್ತಿತ್ತು. ಹಿಂದೆ ಅವಳ ಉಸಿರು ಕೇಳುತ್ತಿತ್ತು, ರಾಗಿ ಬೀಸುವಾಗಿನ ಉಸಿರಿನಂತೆ, ಒಂದೇ ಲಯದಲ್ಲಿ. ಬೀರುವಿನ ಬಾಗಿಲು ಕಿರ್ ಅಂದಿತು. ಚಕ್ರ ಒಂದು ಗೇಣು ಉರುಳಿ ನಿಂತಿತು, ಮತ್ತೆ ಒಂದು ಗೇಣು, ಆಮೇಲೆ ನಿಲ್ಲಲಿಲ್ಲ. ಕಣ್ಣಿಗೆ ಬೆವರು ಇಳಿದು ಬೀದಿಯೆಲ್ಲ ಕಲಸಿಹೋಯಿತು. ಇಳಿಜಾರು ಪಾದಕ್ಕೆ ತಾಗಿದ್ದೇ ಅವನು ಒಳಕ್ಕೆ ನೆಗೆದು, ಗೇರಿಗೆ ಹಾಕಿ, ಕ್ಲಚ್ಚಿನಿಂದ ಕಾಲು ಎತ್ತಿದ. ಗಾಡಿ ಮುಗ್ಗರಿಸಿತು, ಕೆಮ್ಮಿತು, ಇನ್ನೊಮ್ಮೆ ಕೆಮ್ಮಿ ಗುಡುಗಿತು. ಸೈಲೆನ್ಸರಿನಿಂದ ಹೊರಟ ಕರಿಹೊಗೆ ಕಟ್ಟೆಯನ್ನೂ ಯಜಮಾನನನ್ನೂ ಓಲೆಯನ್ನೂ ಮುಚ್ಚಿಬಿಟ್ಟಿತು.

ಈಗ ನಿಲ್ಲಿಸುವಂತಿರಲಿಲ್ಲ, ನಿಂತರೆ ಮತ್ತೆ ಹತ್ತಿಕೊಳ್ಳದು. ಕನ್ನಡಿಯಲ್ಲಿ ಹೊಗೆ ಬಿಟ್ಟರೆ ಏನೂ ಇಲ್ಲ. ಅವಳು? ಅವಳನ್ನೇ ಬಿಟ್ಟು ಬರೀ ಮಂಚ ಬೀರು ಹೊತ್ತು ಹೊರಟೆನೇ? ಹಿಂದೆ ಹಲಗೆಗೆ ಏನೋ ಬಡಿಯಿತು, ಪಾತ್ರೆ ಮೂಟೆ ಝಲ್ಲೆಂದಿತು, ಆಮೇಲೆ ತಲೆಯ ಮೇಲೆ ಕ್ಯಾಬಿನ್ನಿನ ತಗಡನ್ನು ಯಾರೋ ದಬದಬ ಗುದ್ದಿದರು. ಏರಿಕೊಂಡಿದ್ದಳು.

ನಾಲೆಯ ಸೇತುವೆಯ ಮೇಲೆ ಹೊಗೆ ತಿಳಿಯಾಯಿತು. ಕನ್ನಡಿಯಲ್ಲಿ ಬೀದಿ ಉದ್ದಕ್ಕೂ ಕಾಣುತ್ತಿತ್ತು, ಅಷ್ಟೂ ಜನ ಇದ್ದಲ್ಲೇ ನಿಂತಿದ್ದರು. ಅವನ ಕಾಲು ತಾನಾಗಿಯೇ ಎಕ್ಸಿಲೇಟರಿನಿಂದ ಸಡಿಲಾಯಿತು. ಈಗ ಯಾರಾದರೂ ಒಬ್ಬ ಆ ಗುಂಪಿನಿಂದ ಬಿಡಿಸಿಕೊಂಡು ಓಡಿ ಬರುತ್ತಾನೆ, ಶಿವಣ್ಣನೇ ಇರಬಹುದು, ಏದುಸಿರು ಬಿಡುತ್ತ ಬಂದು ಹಲಗೆ ಹಿಡಿದು ಆ ಒಂದು ಮಾತು ಅನ್ನುತ್ತಾನೆ. ಅಂದೇ ಅನ್ನುತ್ತಾನೆ, ಮನುಷ್ಯರಲ್ಲವೇ ಅವರೂ. ಗಾಡಿ ನಡೆಯುವವರ ಹೆಜ್ಜೆಗೆ ಇಳಿಯಿತು.

ತಗಡಿನ ಮೇಲೆ ಮತ್ತೆ ಗುದ್ದು.

"ಯಾರ್ನ ಕಾಯ್ತಿದ್ದೀಯಣ್ಣ? ಓಗು!"

ಅವನು ಕನ್ನಡಿಯನ್ನು ಬೆರಳಿನಿಂದ ಮೇಲಕ್ಕೆ ತಿರುಗಿಸಿದ. ಅದರಲ್ಲಿ ಬರೀ ಆಕಾಶ ತುಂಬಿಕೊಂಡಿತು. ಥರ್ಡ್ ಗೇರಿಗೆ ಹಾಕಿದ.